ಕಟ್ಟು ಮತವೆಂಬ ಭ್ರಮೆ

ಚುನಾವಣೆ ಸಮೀಪಿಸಿತೆಂದರೆ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಲ್ಲಿ ನಮ್ಮ ಗುರುಮನೆಗಳ ಬಾಗಿಲು ತಟ್ಟುವವರಿಗೆ ಕೊರತೆಯಿಲ್ಲ. "ಫಾದರ್, ನಿಮ್ಮವರ ಓಟು ಎಷ್ಟಿವೆ?" ಎಂಬುದೇ ಅವರ ಮೊದಲ ಪ್ರಶ್ನೆ. ನಮ್ಮ ಮತಗಳೆಲ್ಲ ಒಂದೇ ಗಂಟಿನಲ್ಲಿವೆ, ಆ ಗಂಟಿನ ತುದಿ ಗುರುಗಳ ಕೈಯಲ್ಲಿದೆ ಎಂಬ ನಂಬಿಕೆ ಅವರದು. ಖೇದದ ಸಂಗತಿಯೆಂದರೆ, ನಮ್ಮಲ್ಲಿ ಕೆಲವರೂ ಹಾಗೆಯೇ ನಂಬಿರುವುದು.

ಈ ಸೀಮೆಯ ಮತದಾರನನ್ನು ಗಂಟು ಕಟ್ಟುವುದು ಸುಲಭವಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1952ರಿಂದ ಅರ್ಧ ಶತಮಾನದವರೆಗೆ ಬಳ್ಳಾರಿ ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸನ್ನು ಬಿಟ್ಟು ಕದಲಲಿಲ್ಲ. 1999ರಲ್ಲಿ ಶ್ರೀಮತಿ ಸೋನಿಯಾ ಗಾಂಧಿಯವರ ಎದುರು ಶ್ರೀಮತಿ ಸುಷ್ಮಾ ಸ್ವರಾಜ್ ಕನ್ನಡ ಕಲಿತು, ಕನ್ನಡದಲ್ಲೇ ಭಾಷಣ ಮಾಡಿ, ಸುಮಾರು 56 ಸಾವಿರ ಮತಗಳಿಂದ ಸೋತರು. ಕ್ರೈಸ್ತರು ಹುಟ್ಟಿನ ಧರ್ಮವನ್ನು ನೋಡಿ ಮತ ಹಾಕಿದರೆಂಬ ಮಾತು ಆಗ ಕೇಳಿಬಂದಿತು. ಅಲ್ಲಿಯವರೆಗೆ ಒಮ್ಮೆಯೂ ಸೋಲದ ಪಕ್ಷ ಗೆಲ್ಲುವುದಕ್ಕೆ ಬೆರಳೆಣಿಕೆಯ ಕ್ರೈಸ್ತರ ಮತ ಬೇಕಿತ್ತೇ? 2004ರಲ್ಲಿ ಅದೇ ಕ್ಷೇತ್ರ ಭಾರತೀಯ ಜನತಾ ಪಕ್ಷದ ಪಾಲಾಯಿತು. 2018ರ ನವೆಂಬರ್ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 2 ಲಕ್ಷ 43 ಸಾವಿರ ಮತಗಳ ಅಂತರ ನೀಡಿದ ಜನರೇ, ವರ್ಷ ತುಂಬುವ ಮೊದಲು 2019ರಲ್ಲಿ ಅದನ್ನು ಸೋಲಿಸಿದರು. 2024ರಲ್ಲಿ ಮತ್ತೆ ಗೆಲ್ಲಿಸಿದರು.

ವಿಧಾನಸಭೆಯ ಮಾತು ಇನ್ನೂ ಸ್ವಾರಸ್ಯಕರ. 2013ರಲ್ಲಿ ನೆರೆಹೊರೆಯ ಮೂರು ಕ್ಷೇತ್ರಗಳು ಮೂರು ಪಕ್ಷಗಳನ್ನು ಆರಿಸಿದವು: ಹೊಸಪೇಟೆಯನ್ನೊಳಗೊಂಡ ವಿಜಯನಗರ ಭಾಜಪವನ್ನು, ಕಂಪ್ಲಿ ಬಿಎಸ್ಆರ್ ಕಾಂಗ್ರೆಸ್ಸನ್ನು, ಸಂಡೂರು ಕಾಂಗ್ರೆಸ್ಸನ್ನು. 2018ರಲ್ಲಿ ವಿಜಯನಗರದಲ್ಲಿ ಶ್ರೀ ಆನಂದ್ ಸಿಂಗ್ ಕಾಂಗ್ರೆಸ್ಸಿನಿಂದಲೂ ಶ್ರೀ ಎಚ್.ಆರ್. ಗವಿಯಪ್ಪ ಭಾಜಪದಿಂದಲೂ ನಿಂತಿದ್ದರು. 2019ರ ಉಪಚುನಾವಣೆಯಲ್ಲಿ ಮೊದಲನೆಯವರು ಭಾಜಪದಿಂದ ಗೆದ್ದರು. 2023ರಲ್ಲಿ ಎರಡನೆಯವರು ಕಾಂಗ್ರೆಸ್ಸಿನಿಂದ ಗೆದ್ದರು. ಚಿಹ್ನೆಗಳು ಅದಲುಬದಲಾದವು, ಮನುಷ್ಯರು ಅವರೇ. ಸಂಡೂರು ಮಾತ್ರ ಬೇರೆ ಜಾಡಿನದು. ಘೋರ್ಪಡೆ ಮನೆತನದ ದಿವಂಗತ ಎಂ.ವೈ. ಘೋರ್ಪಡೆಯವರ ಕಾಲದ ಕಾಂಗ್ರೆಸ್ ಒಲವು ಅಲ್ಲಿ ಬಹುಮಟ್ಟಿಗೆ ಉಳಿದುಬಂದಿದೆ. 2024ರ ಉಪಚುನಾವಣೆಯಲ್ಲೂ ಅದೇ ಪಕ್ಷ ಗೆದ್ದಿತು.

ಹೀಗಿರುವಾಗ ಸಮುದಾಯಭವನಕ್ಕೆ ಇಷ್ಟು, ಕಾಂಪೌಂಡ್ ಗೋಡೆಗೆ ಇಷ್ಟು ಎಂದು ನಾವು ಚೌಕಾಸಿಗೆ ಕೂಡುವುದು ಸಲ್ಲದು. ಗೋಡೆ ಬೇಡವೆಂದಲ್ಲ, ಸರಕಾರದ ಅನುದಾನ ಕೇಳುವುದು ನಮ್ಮ ಹಕ್ಕು, ಅದನ್ನು ಅರ್ಜಿ ಬರೆದು ಹಗಲಿನಲ್ಲೇ ಕೇಳೋಣ. ಮತದೊಡನೆ ಅದನ್ನು ತಳಕು ಹಾಕಿದ ದಿನ ನಾವು ಪ್ರಜೆಗಳಾಗಿ ಉಳಿಯುವುದಿಲ್ಲ, ಸರಕಾಗುತ್ತೇವೆ. ಗುರುಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯ ಪಾತ್ರ ವಹಿಸಬಾರದೆಂದು 1983ರ ಧರ್ಮಸಭಾ ಕಾನೂನು ಹೇಳುತ್ತದೆ. ಮತ ಚಲಾಯಿಸುವುದು ನೈತಿಕ ಕರ್ತವ್ಯವೆಂದು 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಯಾರಿಗೆ ಎಂಬುದನ್ನು ಎರಡೂ ಹೇಳುವುದಿಲ್ಲ.

ಅಭ್ಯರ್ಥಿಯನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. 2011ರ ಜುಲೈ ತಿಂಗಳೊಂದರಲ್ಲೇ ಲೋಕಾಯುಕ್ತರ ಗಣಿ ವರದಿ ಹೊರಬಿತ್ತು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು, ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡವರ ಅಂಗಡಿ ಮನೆಗಳು ನೆಲಸಮವಾದವು. ಕೂಲಿ ಕಳೆದುಕೊಂಡವರ ಪೈಕಿ ಎಲ್ಲ ಜಾತಿ ಮತದವರೂ ಇದ್ದರು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿಗಳಲ್ಲಿ ಸಂಡೂರಿನ ಧೂಳು ಕುಡಿದ ಹಳ್ಳಿಗೆ ಬಂದದ್ದೆಷ್ಟು? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಎದೆ ಬಡಿದುಕೊಂಡ ಕಂಪ್ಲಿಯ ರೈತನಿಗೆ ಇನ್ನು ಮುಂದೆ ಯಾರ ಭರವಸೆ?

ನಮ್ಮದೇ ಆದ ಒಂದು ಪ್ರಶ್ನೆಯೂ ಇದೆ, ಅದನ್ನು ಮರೆಮಾಚಬೇಕಾಗಿಲ್ಲ. ಸಂಡೂರು, ಕಂಪ್ಲಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು. ಪಂಗಡದವನು ಕ್ರೈಸ್ತನಾದರೂ ಅಲ್ಲಿ ಸ್ಪರ್ಧಿಸಬಲ್ಲ. ಹಗರಿಬೊಮ್ಮನಹಳ್ಳಿ, ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲು. 1950ರ ರಾಷ್ಟ್ರಪತಿ ಆದೇಶದಿಂದಾಗಿ ಅಲ್ಲಿ ದಲಿತ ಕ್ರೈಸ್ತ ಅಭ್ಯರ್ಥಿಯಾಗುವಂತಿಲ್ಲ. ಇದೇ ಆದೇಶ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಸಡಿಲಗೊಂಡಿತು. ಬಾಗಿಲಿಗೆ ಬಂದ ಪ್ರತಿ ಪಕ್ಷದವರನ್ನೂ ಈ ಬಗ್ಗೆ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳೋಣ.

ಅದಕ್ಕೂ ಮೊದಲು ಹೆಸರು ಪಟ್ಟಿಯಲ್ಲಿರಬೇಕಷ್ಟೆ. ಹದಿನೆಂಟು ತುಂಬಿದವರು ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ವರ್ಷದ ನಾಲ್ಕು ಅರ್ಹತಾ ದಿನಾಂಕಗಳ ಲೆಕ್ಕದಲ್ಲಿ ಸೇರಬಹುದು. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುವ ಮನೆಗಳು ನಮ್ಮಲ್ಲಿ ಬಹಳ. ಭಾನುವಾರದ ಪೂಜೆ ಮುಗಿದ ಮೇಲೆ ಪ್ರತಿ ಧರ್ಮಕೇಂದ್ರದಲ್ಲೂ ನಮ್ಮ ಯುವಕರು ಅರ್ಜಿ ನಮೂನೆ ಹಿಡಿದು ಒಂದು ಮೇಜು ಹಾಕಿ ಕುಳಿತರೆ ಸಾಕು.