ಪಾಲಿಸಿದಾರರ ಹಣಕ್ಕೆ ಮೊದಲ ಹಕ್ಕು ಯಾರದು?

ಚಿಂಚೋಳಿ, ಸೇಡಂ ಭಾಗದಲ್ಲಿ ತೊಗರಿ ರಾಶಿ ಮುಗಿದು ಕೈಗೆ ದುಡ್ಡು ಬಂದಾಗ ತೀರಿಸಬೇಕಾದ ಬಾಕಿಗಳಲ್ಲಿ ಎಲ್‌ಐಸಿ ಕಂತೂ ಒಂದು. ವಾಡಿಯ ಸಿಮೆಂಟ್ ಕಾರ್ಮಿಕ, ಶಹಾಬಾದಿನ ಕಲ್ಲುಗಣಿಯ ಕುಟುಂಬ, ಚಿತ್ತಾಪುರದ ಶಿಕ್ಷಕಿ ಮಗಳ ಮದುವೆಗೋ ಮುಪ್ಪಿಗೋ ಎಂದು ಕಟ್ಟುವ ಹಣವಿದು. ಅದು ಎಲ್ಲಿ ಹೂಡಿಕೆಯಾಗುತ್ತದೆ, ಅಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿರಬೇಕು.

ವಿಮಾ ಕಂಪನಿಯ ಹೂಡಿಕೆಗೆ ಗುರಿಗಳು ಹಲವು, ಒಂದಕ್ಕೊಂದು ಎದುರು. ಅಸಲು ಮುಳುಗಬಾರದು, ಆದಾಯವೂ ಚೆನ್ನಾಗಿ ಬರಬೇಕು. ಕ್ಲೇಮು ಬಂದ ದಿನ ಹಣ ಸಿದ್ಧವಿರಬೇಕು, ಮೂವತ್ತು ವರ್ಷದ ಪಾಲಿಸಿಗೆ ತಕ್ಕ ದೀರ್ಘಾವಧಿ ಬಾಂಡೂ ಬೇಕು. ಸಾಂಪ್ರದಾಯಿಕ ಪಾಲಿಸಿಗಳ ನಿಧಿಯಲ್ಲಿ ಕನಿಷ್ಠ ಅರ್ಧವನ್ನು ಸರ್ಕಾರಿ ಹಾಗೂ ಅನುಮೋದಿತ ಸಾಲಪತ್ರಗಳಲ್ಲಿ, ಶೇ 15ರಷ್ಟನ್ನು ವಸತಿ ಮತ್ತು ಮೂಲಸೌಕರ್ಯದಲ್ಲಿ ಇಡಬೇಕೆಂಬ ನಿಯಮವಿದೆ. 2022ರ ಮೇ ತಿಂಗಳಲ್ಲಿ ಸರ್ಕಾರ ಎಲ್‌ಐಸಿಯ ಶೇ 3.5 ಪಾಲು ಮಾರಿದ ಮೇಲೆ ಷೇರುದಾರರ ನಿರೀಕ್ಷೆಯೂ ಸೇರಿಕೊಂಡಿತು. ಲಾಭದಲ್ಲಿ ಪಾಲಿರುವ ಪಾಲಿಸಿಗಳ ಹೆಚ್ಚುವರಿಯಲ್ಲಿ ಪಾಲಿಸಿದಾರರಿಗೆ ಸಿಗುತ್ತಿದ್ದ ಶೇ 95 ಹಂತಹಂತವಾಗಿ ಶೇ 90ಕ್ಕೆ ಇಳಿಯಿತು.

ಇವನ್ನೆಲ್ಲ ತೂಗಿಸುವುದು ಸುಲಭವಲ್ಲ. ಆದರೆ ತೂಗುವಾಗ ಮೊದಲು ಯಾರು ಎಂಬ ಪ್ರಶ್ನೆಗೆ ಉತ್ತರ ಹಳೆಯದು. 1957ರಲ್ಲಿ ಎಲ್‌ಐಸಿ, ಉದ್ಯಮಿ ಹರಿದಾಸ ಮುಂಧ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿದದ್ದನ್ನು ಫಿರೋಜ್ ಗಾಂಧಿ ಸಂಸತ್ತಿನಲ್ಲಿ ಬಯಲಿಗೆಳೆದರು. ತನಿಖೆ ನಡೆಸಿದ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ, ನಿಗಮದ ಹಣ ಪಾಲಿಸಿದಾರರ ಹಿತಕ್ಕೇ ಬಳಕೆಯಾಗಬೇಕು, ಬೇರೆ ಉದ್ದೇಶಕ್ಕೆ ಬಳಸುವುದಾದರೆ ಅದು ದೇಶದ ದೊಡ್ಡ ಹಿತವೇ ಆಗಿರಬೇಕು ಎಂದರು. ಇದೇ ಪ್ರಕರಣದಿಂದಾಗಿ 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

2019ರ ಜನವರಿ ಹೊತ್ತಿಗೆ ಎಲ್‌ಐಸಿ, ಕೆಟ್ಟ ಸಾಲದಲ್ಲಿ ಸಿಲುಕಿದ್ದ ಐಡಿಬಿಐ ಬ್ಯಾಂಕಿನ ಶೇ 51 ಪಾಲು ಪಡೆಯಲು 21,600 ಕೋಟಿ ರೂಪಾಯಿಯಷ್ಟು ಹಾಕಿತು. ಬ್ಯಾಂಕು ಮುಂದೆ ಚೇತರಿಸಿಕೊಂಡಿತು, ನಿಜ. ಆದರೂ ಅಷ್ಟು ಹಣ ಹಾಕಿದ್ದು ಪಾಲಿಸಿದಾರರಿಗಾಗಿಯೋ ಬ್ಯಾಂಕಿಗಾಗಿಯೋ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಎಲ್‌ಐಸಿ ಕಾಯ್ದೆಯ 37ನೇ ಕಲಮಿನಂತೆ ವಿಮಾ ಮೊತ್ತಕ್ಕೂ ಘೋಷಿತ ಬೋನಸ್‌ಗೂ ಕೇಂದ್ರ ಸರ್ಕಾರದ ಖಾತರಿ ಇದೆ. ಮುಂದೆ ಘೋಷಿಸಲಿರುವ ಬೋನಸ್‌ಗೆ ಖಾತರಿಯಿಲ್ಲ. ಹೂಡಿಕೆಯ ತಪ್ಪಿಗೆ ಪಾಲಿಸಿದಾರ ಬೆಲೆ ತೆರುವುದು ಅಲ್ಲಿಯೇ. ಒಂದು ಲಕ್ಷದ ಪಾಲಿಸಿಗೆ ಸಾವಿರಕ್ಕೆ ಐದು ರೂಪಾಯಿ ಬೋನಸ್ ಕಡಿಮೆಯಾದರೆ ವರ್ಷಕ್ಕೆ 500, ಇಪ್ಪತ್ತು ವರ್ಷಕ್ಕೆ 10,000 ರೂಪಾಯಿ ಹೋಯಿತು. ಪಾಲಿಸಿ ಮುಗಿದಾಗ ಚೆಕ್ಕು ಬರುತ್ತದೆ. ಬರಬೇಕಿದ್ದು ಎಷ್ಟು ಎಂದು ಚಿಂಚೋಳಿಯ ರೈತನಿಗೆ ಹೇಳುವವರಿಲ್ಲ.

ಹೇಳುವ ವ್ಯವಸ್ಥೆ ಬೇಕು. ಸುರಕ್ಷತೆ ಮತ್ತು ಕ್ಲೇಮು ಮೊದಲು, ಪಾಲಿಸಿದಾರರ ಆದಾಯ ನಂತರ, ಉಳಿದವರ ಹಿತ ಆಮೇಲೆ ಎಂಬ ಕ್ರಮವನ್ನು ವಿಮಾ ಕಂಪನಿಗಳು ಬರೆದು ಪ್ರಕಟಿಸಲಿ. ಆ ಕ್ರಮ ಮೀರಿದ ಪ್ರತಿ ದೊಡ್ಡ ಹೂಡಿಕೆಗೂ ಕಾರಣ ಏನು, ಬೋನಸ್ ಮೇಲೆ ಅದರ ಪರಿಣಾಮ ಎಷ್ಟು ಎಂಬುದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲೇ ಪಾಲಿಸಿದಾರರಿಗೆ ತಿಳಿಸಲಿ. ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಕಡ್ಡಾಯ ಮಾಡಬೇಕು.