ಕೈಮುಗಿದು ಕಳುಹಿಸುವ ವಚನ



ಕಳೆದ ಶ್ರಾವಣದಲ್ಲಿ ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆನು. ಎಪ್ಪತ್ತು ದಾಟಿದ ಯಜಮಾನರು ತಮ್ಮ ಮೊಬೈಲನ್ನು ತೋರಿಸುತ್ತ, "ದಿನಾ ಮುಂಜಾನೆ ಒಂದು ವಚನ ಬರ್ತೈತಿ ಅಯ್ನೋರೆ. ನಾನೂ ನಲವತ್ತು ಮಂದಿಗೆ ಕಳಿಸ್ತೀನಿ" ಎಂದು ಸಂತೋಷದಿಂದ ನುಡಿದರು. ಇಂದಿನ ವಚನ ಏನು ಹೇಳುತ್ತದೆ ಎಂದು ಕೇಳಿದೆ. ಅವರಿಗೆ ನೆನಪಿರಲಿಲ್ಲ. ತೆರೆದು ನೋಡಿದರೆ ಬಸವಣ್ಣನವರ ಚಿತ್ರ, ಅದರ ಕೆಳಗೆ ನಾಲ್ಕು ಸಾಲು, ಅಂಕಿತವೇ ಇಲ್ಲ. ಊರಿಗೆ ಮರಳಿ, 1993ರಲ್ಲಿ ಸರಕಾರ ಹದಿನೈದು ಭಾಗಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಮೂರು ದಿನ ಹುಡುಕಿದೆ. ಎಲ್ಲಿಯೂ ಸಿಗಲಿಲ್ಲ.

ವಚನ ಚಿಕ್ಕದು, ಅಂಗೈಯ ಪರದೆಗೆ ಹೇಳಿಮಾಡಿಸಿದ್ದು ಎಂದು ಹಲವರ ಎಣಿಕೆ. ಹಾಗಿದ್ದರೆ ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದು ಶೂನ್ಯಸಂಪಾದನೆಯನ್ನು ಕಟ್ಟುವ ಶ್ರಮವನ್ನೇಕೆ ಪಡುತ್ತಿದ್ದರು? ಅಲ್ಲಮಪ್ರಭುಗಳ ಒಂದು ಮಾತು ಯಾರಿಗೆ, ಯಾವ ಪ್ರಶ್ನೆಗೆ ಬಂದ ಉತ್ತರವೆಂದು ತಿಳಿಯದೆ ಅದರ ಅರ್ಥ ಬಿಚ್ಚಿಕೊಳ್ಳದು. ಶೇಂಗಾ ದರಕ್ಕೂ ಸಿನಿಮಾ ಹಾಡಿಗೂ ನಡುವೆ ಕಣ್ಣಿಗೆ ಬಿದ್ದ ವಚನವು ಕಣ್ಣಿನಿಂದ ಒಳಗಿಳಿಯುವ ಮೊದಲೇ ಬೆರಳು ಅದನ್ನು ಮೇಲೆ ಸರಿಸಿರುತ್ತದೆ.

ನೂರು ವರ್ಷಗಳ ಹಿಂದೆ ತಾಡೋಲೆಯ ಕಟ್ಟುಗಳು ಜಗಲಿಯ ಮೇಲೆ ವಿಭೂತಿ, ಹೂವುಗಳೊಡನೆ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳ. ವಿಜಾಪುರದ ವಕೀಲರಾದ ಡಾ. ಫ.ಗು. ಹಳಕಟ್ಟಿಯವರು ಅವನ್ನು ಅರಸಿ ತಂದು, ಪಾಠಗಳನ್ನು ತಾಳೆನೋಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಮುಂದೆ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಬಂದಿತು. ಅವರು ಬಿಚ್ಚಿದ ಕಟ್ಟನ್ನು ನಾವು ಗಾಜಿನೊಳಗಿಟ್ಟು ಮತ್ತೆ ಕಟ್ಟಿದ್ದೇವೆ. ಓದುವುದಿಲ್ಲ, ಕೈಮುಗಿದು ಮುಂದಕ್ಕೆ ಕಳುಹಿಸುತ್ತೇವೆ.

ಯಂತ್ರವನ್ನು ದೂರಲಾರೆ. ಅದೇ ಮೊಬೈಲಿನಲ್ಲಿ 'ವಚನ ಸಂಚಯ'ವನ್ನು ತೆರೆದರೆ ಒಂದು ಪದದಿಂದಲೇ ವಚನವನ್ನು ಹುಡುಕಬಹುದು. ನನ್ನ ಮೂರು ದಿನದ ಕೆಲಸ ಅಲ್ಲಿ ಮೂರು ನಿಮಿಷದ್ದು. ಆದರೆ ಮಠದಲ್ಲಿ ಒಂದೇ ವಚನದ ಮುಂದೆ ಎಂಟು ದಿನ ಕುಳಿತು ಕಲಿತ ನಾನೇ, ಮೊನ್ನೆ ಒಂದು ಪದವನ್ನು ಹುಡುಕಲು ಹೋಗಿ ಅರ್ಧ ತಾಸು ಕ್ರಿಕೆಟ್ ನೋಡಿದೆನೆಂಬುದನ್ನು ಮುಚ್ಚಿಡಲಾರೆ.

ಹೊಸಹಳ್ಳಿಯ ಯಜಮಾನರಿಗೆ ವಿಷಯ ತಿಳಿಸಿದಾಗ, "ನಲವತ್ತು ಮಂದಿಗೆ ಈಗ ಏನ್ ಹೇಳ್ಲಿ?" ಎಂದು ಮುಖ ಬಾಡಿಸಿಕೊಂಡರು. ಎಂಟನೆಯ ತರಗತಿಯ ಮೊಮ್ಮಗಳು ಪಂಚಾಯಿತಿ ಗ್ರಂಥಾಲಯದ ಸದಸ್ಯೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಈ ಸದಸ್ಯತ್ವ ಉಚಿತವಾಗಿದೆ. ನಾನು ಕೊಟ್ಟ ಶೂನ್ಯಸಂಪಾದನೆಯಿಂದ ದಿನಕ್ಕೊಂದು ಪುಟವನ್ನು ಅಜ್ಜನಿಗೆ ಓದಿ ಹೇಳಲು ಅವಳು ಒಪ್ಪಿದಳು. ಶ್ರಾವಣದ ಕಡೆಯ ಸೋಮವಾರ ನಾನೂ ಕೇಳುತ್ತ ಕುಳಿತಿದ್ದೆ. ನಡುವೆ ಮೊಬೈಲು ರಿಂಗಾಯಿತು. ಅಜ್ಜ ಎದ್ದು ಹೋಗಿ, ಮಾತು ಮುಗಿಸಿ ಬರುವವರೆಗೆ ಹುಡುಗಿ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕುಳಿತಿದ್ದಳು.