ಗೃಹವಿಚಾರ: ಏರುದಾರಿಗೆ ಎಂಥ ವಿದ್ಯುತ್ ಸೈಕಲ್ಲು?



ಧಾರವಾಡ, ಹಾವೇರಿ, ದಾವಣಗೆರೆ ಕಡೆಯ ನಮ್ಮವರು ಉದ್ಯೋಗ ನಿಮಿತ್ತವಾಗಿ ಉಡುಪಿ, ಮಣಿಪಾಲಗಳಿಗೆ ಬಂದು ನೆಲೆಸುವುದು ಹೊಸ ಸಂಗತಿಯೇನಲ್ಲ. ಬ್ಯಾಂಕು, ಕಾಲೇಜು, ಆಸ್ಪತ್ರೆಗಳ ಕಾಯಕವು ಅವರನ್ನು ಇಲ್ಲಿಗೆ ಕರೆತಂದಿದೆ. ಹೀಗೆ ಬಂದವರು ಬಹುಬೇಗ ಕೈಬಿಡುವ ಅಭ್ಯಾಸಗಳಲ್ಲಿ ಸೈಕಲ್ ಸವಾರಿಯೂ ಒಂದು. ಬಯಲುಸೀಮೆಯ ಸಮರಸ್ತೆಯಲ್ಲಿ ಹತ್ತು ಹನ್ನೆರಡು ಕಿ.ಮೀ. ತುಳಿದು ಹೊಲಕ್ಕೋ ಸಂತೆಗೋ ನಿರಾಯಾಸವಾಗಿ ಹೋಗಿಬರುತ್ತಿದ್ದವರು, ಇಲ್ಲಿ ಕಡಿಯಾಳಿಯಿಂದ ಹೊರಟು ಇಂದ್ರಾಳಿ ದಾಟಿ ಮಣಿಪಾಲದ ಏರನ್ನು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ಆ ಮೇಲೆ ಸೈಕಲ್ಲು ಗೋಡೆಗೊರಗುತ್ತದೆ, ಸವಾರನು ಕುರ್ಚಿಗೊರಗುತ್ತಾನೆ.

ಈಚಿನ ವರ್ಷಗಳಲ್ಲಿ ಪೇಟೆಗೆ ಬಂದಿರುವ ವಿದ್ಯುತ್ ಸೈಕಲ್ಲು ಇಂಥವರ ಪಾಲಿಗೆ ವರದಾನವಾಗಬಲ್ಲದು. ಆದರೆ ಆಯ್ಕೆ ತಪ್ಪಿದರೆ ಅದೇ ಒಂದು ಹೊರೆಯಾದೀತು. ಅದು ಹೇಗೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡದ್ದರಿಂದ ಈ ತಿಂಗಳು ಅದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇನೆ.

ನಮ್ಮ ಭಾವನವರು ನಿವೃತ್ತರಾದ ಮೇಲೆ ಮಗನೊಡನೆ ಮಣಿಪಾಲದಲ್ಲಿದ್ದಾರೆ. ಮೊಣಕಾಲು ನೋವಿಗೆ ಹಗುರವಾದ ಸೈಕಲ್ ಸವಾರಿ ಒಳ್ಳೆಯದೆಂದು ವೈದ್ಯರು ಹೇಳಿದರು. ಮಗನು ಅಕ್ಕರೆಯಿಂದ, ಎಲ್ಲಕ್ಕಿಂತ ಕಡಿಮೆ ಬೆಲೆಯದೊಂದು ವಿದ್ಯುತ್ ಸೈಕಲ್ಲನ್ನು ಕಣ್ಣಿನಿಂದ ನೋಡದೆಯೇ ತರಿಸಿದನು. ಪೆಟ್ಟಿಗೆಯ ಮೇಲೆ 40 ಕಿ.ಮೀ. ಎಂದು ಬರೆದಿತ್ತು. ಮೂರನೆಯ ದಿನ ಭಾವನವರು ಈಶ್ವರನಗರದಿಂದ ಪರ್ಕಳದ ಕಡೆಗೆ ಇಳಿಯುವಾಗ ಬ್ರೇಕು ಹಿಡಿಯಲಿಲ್ಲ. ಕಾಲನ್ನು ನೆಲಕ್ಕೆ ಊರಿ, ರಸ್ತೆಯಂಚಿನ ಹುಲ್ಲಿನ ಮೇಲೆ ಬಿದ್ದು, ಮೈಕೈ ತರಚಿಸಿಕೊಂಡು ಪಾರಾದರು. ಹಿಂದಿರುಗುವಾಗ ಅರ್ಧ ಏರಿನಲ್ಲಿ ಮೋಟಾರು ಬಿಸಿಯಾಗಿ ನಿಂತಿತು. ಇಪ್ಪತ್ತು ಕಿಲೋ ಮೀರಿದ ಗಾಡಿಯನ್ನು ಬಿಸಿಲಿನಲ್ಲಿ ತಳ್ಳಿಕೊಂಡೇ ಮನೆ ಸೇರಿದರು.

ಅವರು ಬಂದವರೇ ಮೋಟಾರನ್ನು ಶಪಿಸತೊಡಗಿದಾಗ ಅಕ್ಕನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: “ಏರಿನಾಗ ನಿಂತರ ತಳ್ಳಿಕೊಂಡಾದರೂ ಬರಬಹುದ್ರೀ. ಇಳಿಜಾರಿನಾಗ ನಿಲ್ಲದಿದ್ದರ ಏನ್ ಮಾಡ್ತೀರಿ?”

ಗುಡ್ಡಗಾಡಿನಲ್ಲಿ ಸೈಕಲ್ಲು ಕೊಳ್ಳುವವರಿಗೆ ಇದಕ್ಕಿಂತ ಹೆಚ್ಚಿನ ಉಪದೇಶ ಬೇಕಿಲ್ಲ. ಮೊದಲು ಬ್ರೇಕು, ಆಮೇಲೆ ಗೇರು, ಆಮೇಲೆ ಬ್ಯಾಟರಿ, ಕೊನೆಗೆ ಅಂದಚಂದ. ಈ ಕ್ರಮವನ್ನು ಮರೆಯದಿರುವುದೇ ಇಲ್ಲಿ ಮುಖ್ಯವಾದುದು.

ಕಾನೂನು ಏನನ್ನುತ್ತದೆ?

ಪೆಡಲಿನ ತುಳಿತಕ್ಕೆ ಮೋಟಾರಿನ ನೆರವು ನೀಡುವ ಸೈಕಲ್ಲನ್ನು ಜಪಾನಿನ ಯಮಹಾ ಸಂಸ್ಥೆಯು 1993ರಲ್ಲಿಯೇ ಮಾರುಕಟ್ಟೆಗೆ ತಂದಿತು. ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವ್ಯಾಟ್ ಮೀರದೆ, ಅದರ ನೆರವು ಗಂಟೆಗೆ 25 ಕಿ.ಮೀ. ವೇಗಕ್ಕೆ ನಿಂತುಹೋಗುವಂತಿದ್ದರೆ ಅಂಥ ಸೈಕಲ್ಲು ಮೋಟಾರು ವಾಹನವೆನಿಸುವುದಿಲ್ಲ. ಅದಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಆದರೆ ಈ ವಿನಾಯಿತಿಗೆ ಮಾನ್ಯ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವಿರಬೇಕು. ಅಂಗಡಿಯಲ್ಲಿ ಅದನ್ನು ಕೇಳಿ ನೋಡಿರಿ. “ಒಂದು ತಂತಿ ಕತ್ತರಿಸಿದರೆ ನಲವತ್ತರ ವೇಗದಲ್ಲಿ ಓಡುತ್ತದೆ” ಎಂದು ಯಾರಾದರೂ ಆಸೆ ತೋರಿಸಿದರೆ ಒಪ್ಪಬೇಡಿರಿ. ಆ ಕ್ಷಣದಿಂದ ನಿಮ್ಮ ಸೈಕಲ್ಲು ನೋಂದಣಿಯಿಲ್ಲದ ಮೋಟಾರು ವಾಹನವಾಗುತ್ತದೆ. ಅವಘಡವಾದರೆ ಹೊಣೆಯೆಲ್ಲ ನಿಮ್ಮದೇ.

ಬ್ರೇಕು ಮತ್ತು ಗೇರು

ಮುಂದಿನ ಹಾಗೂ ಹಿಂದಿನ ಎರಡೂ ಗಾಲಿಗಳಿಗೆ ಡಿಸ್ಕ್ ಬ್ರೇಕು ಇರಲೇಬೇಕು. ರಬ್ಬರಿನ ತುಂಡು ಗಾಲಿಯ ಅಂಚನ್ನು ಒತ್ತುವ ಹಳೆಯ ಬಗೆಯ ಬ್ರೇಕು ಮಳೆಯಲ್ಲಿ ಜಾರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಈ ಜಿಲ್ಲೆಗೆ ಅದು ಸಲ್ಲದು. ಬ್ರೇಕಿನ ಹಿಡಿಕೆಯನ್ನು ಒತ್ತಿದೊಡನೆ ಮೋಟಾರು ತಾನಾಗಿ ನಿಲ್ಲುವ ಏರ್ಪಾಡು ಇದೆಯೇ ಎಂಬುದನ್ನೂ ಪರೀಕ್ಷಿಸಿರಿ.

ಅಗ್ಗದ ಮಾದರಿಗಳಲ್ಲಿ ಅನೇಕವು ಒಂದೇ ಗೇರಿನವು. ಅವು ಉಡುಪಿಯಿಂದ ಮಲ್ಪೆಗೆ ಹೋಗಿಬರಲು ಸಾಕು. ಮಣಿಪಾಲ, ಕಾರ್ಕಳಗಳಿಗೆ ಸಾಲವು. ಏಕೆಂಬುದಕ್ಕೆ ಒಂದು ಲೆಕ್ಕ ನೋಡಿರಿ. ಸವಾರನು 70 ಕಿಲೋ, ಸೈಕಲ್ಲು 24 ಕಿಲೋ, ಚೀಲ ನೀರು ಸೇರಿ ಒಟ್ಟು 100 ಕಿಲೋ ಎನ್ನೋಣ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ, ಈ ಭಾರವನ್ನು ಎತ್ತುವುದಕ್ಕೇ ಸುಮಾರು 220 ವ್ಯಾಟ್ ಬೇಕು. ನಿಧಾನಗತಿಯಲ್ಲಿ ಮೋಟಾರಿನ ಶಕ್ತಿಯಲ್ಲಿ ಒಂದು ಪಾಲು ಬಿಸಿಯಾಗಿ ಹೋಗುವುದರಿಂದ, ಉಳಿದುದನ್ನು ನಿಮ್ಮ ಕಾಲುಗಳೇ ತುಂಬಿಕೊಡಬೇಕು. ಹಗುರವಾದ ಗೇರು ಇದ್ದರೆ ಮೊಣಕಾಲಿಗೆ ಪೆಟ್ಟಾಗದಂತೆ ಅದು ಸಾಧ್ಯ. ಆದ್ದರಿಂದ ಏಳು ಗೇರುಗಳುಳ್ಳ ಮಾದರಿಯನ್ನು ಆರಿಸಿರಿ. ಮೋಟಾರಿನ ತಿರುಚುಬಲವನ್ನು, ಅಂದರೆ ಟಾರ್ಕನ್ನು, ಕೇಳಿರಿ. 40 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿದ್ದರೆ ಈ ಏರುಗಳಿಗೆ ಅನುಕೂಲ.

ಬ್ಯಾಟರಿಯ ಲೆಕ್ಕ

ಪೆಟ್ಟಿಗೆಯ ಮೇಲಿನ ಕಿ.ಮೀ. ಸಂಖ್ಯೆಯನ್ನು ಬಿಟ್ಟು, ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟನ್ನೂ ಆಂಪಿಯರ್ ಗಂಟೆಯನ್ನೂ ಗುಣಿಸಿರಿ. 36 ವೋಲ್ಟಿನ, 5.8 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಸುಮಾರು 209 ವ್ಯಾಟ್ ಗಂಟೆಯ ಶಕ್ತಿ ಇರುತ್ತದೆ. ಅದೇ 36 ವೋಲ್ಟಿನ, 10 ಆಂಪಿಯರ್ ಗಂಟೆಯದಾದರೆ 360. ಸಮರಸ್ತೆಯಲ್ಲಿ ಕಾಲನ್ನೂ ಸೇರಿಸಿ ತುಳಿದರೆ ಒಂದು ಕಿ.ಮೀ.ಗೆ ಹತ್ತು ವ್ಯಾಟ್ ಗಂಟೆ ಎಂದಿಟ್ಟುಕೊಳ್ಳಬಹುದು. ಆದರೆ 100 ಕಿಲೋ ಭಾರವನ್ನು ಮೋಟಾರೊಂದೇ 100 ಮೀಟರ್ ಎತ್ತರಕ್ಕೆ ಏರಿಸಲು, ನಷ್ಟವೂ ಸೇರಿ, ಹೆಚ್ಚುಕಡಿಮೆ 40 ವ್ಯಾಟ್ ಗಂಟೆ ಖರ್ಚಾಗುತ್ತದೆ. ಹತ್ತಿ ಇಳಿದು ಮತ್ತೆ ಹತ್ತುವ ನಮ್ಮ ರಸ್ತೆಗಳಲ್ಲಿ ಇಂಥ ಏರುಗಳು ಕೂಡುತ್ತ ಹೋಗುತ್ತವೆ. ಇಳಿಯುವಾಗ ಬ್ಯಾಟರಿ ತುಂಬಿಕೊಳ್ಳುತ್ತದೆಂಬ ಮಾತನ್ನು ಅಗ್ಗದ ಮಾದರಿಗಳ ಮಟ್ಟಿಗೆ ನೆಚ್ಚಬೇಡಿರಿ. ಪೆಟ್ಟಿಗೆಯ ಮೇಲೆ ಬರೆದ ದೂರದಲ್ಲಿ ಅರ್ಧವನ್ನು ಮಾತ್ರ ನಂಬುವುದು ಲೇಸು.

ಹಾಗೆಂದು ಅತಿ ದೊಡ್ಡ ಬ್ಯಾಟರಿಯ ಹಿಂದೆ ಬೀಳುವುದೂ ಬೇಡ. ಗಾಡಿಯ ಬೆಲೆಯಲ್ಲಿ ಬ್ಯಾಟರಿಯದೇ ದೊಡ್ಡ ಪಾಲು. ಕೆಲವು ವರ್ಷಗಳ ತರುವಾಯ ಅದನ್ನು ಬದಲಿಸಬೇಕಾಗುತ್ತದೆ. ಹೊಸ ಬ್ಯಾಟರಿಗೆ ಎಷ್ಟಾಗುತ್ತದೆ, ಅದು ಉಡುಪಿಯಲ್ಲಿಯೇ ದೊರೆಯುವುದೇ ಎಂಬುದನ್ನು ಗಾಡಿ ಕೊಳ್ಳುವ ಮುನ್ನವೇ ಕೇಳಿ ಬರೆದಿಟ್ಟುಕೊಳ್ಳಿರಿ. ದುರಸ್ತಿ ಮಾಡುವವರಿಲ್ಲದ ಗಾಡಿ ಎಷ್ಟು ಅಗ್ಗವಾಗಿದ್ದರೂ ದುಬಾರಿಯೇ.

ಎಷ್ಟು ಖರ್ಚು ಮಾಡಬೇಕು?

ಹೀರೋ ಲೆಕ್ಟ್ರೋ, ಇ-ಮೋಟೊರಾಡ್ ಮೊದಲಾದ ನಮ್ಮ ದೇಶದ ಸಂಸ್ಥೆಗಳ ಸೈಕಲ್ಲುಗಳು ಸುಮಾರು 25,000ದಿಂದ 60,000 ರೂಪಾಯಿಗಳ ನಡುವೆ ದೊರೆಯುತ್ತವೆ. ವಾರಕ್ಕೆ ಎರಡು ಮೂರು ಬಾರಿ ಹವ್ಯಾಸಕ್ಕೆ ತುಳಿಯುವ ಕುಟುಂಬಕ್ಕೆ ಈ ಎರಡರ ನಡುವಣ ಬೆಲೆಯದು, ಎರಡು ಡಿಸ್ಕ್ ಬ್ರೇಕು, ಏಳು ಗೇರು, ಕಳಚಿ ಒಳಗೆ ಒಯ್ಯಬಹುದಾದ ಬ್ಯಾಟರಿ ಇರುವಂಥದು ಸಾಕು. ಮೇಲಿನ ಖರ್ಚು ಅತ್ಯಲ್ಪ: 360 ವ್ಯಾಟ್ ಗಂಟೆಯ ಬ್ಯಾಟರಿ ಪೂರ್ತಿ ತುಂಬಲು ಅರ್ಧ ಯೂನಿಟ್ಟಿಗಿಂತ ಕಡಿಮೆ ವಿದ್ಯುತ್ ಸಾಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬುದು ಹಿರಿಯರ ಮಾತು. ವಿರಾಮದ ವಸ್ತುವಿಗಾಗಿ ಕಂತಿನ ಸಾಲ ಮಾಡುವುದು ಸಲ್ಲದು. ಉಳಿಸಿದ ಹಣದಲ್ಲಿ ಒಂದು ಒಳ್ಳೆಯ ಹೆಲ್ಮೆಟ್ಟನ್ನೂ ಹಿಂಬದಿಯ ಕೆಂಪು ದೀಪವನ್ನೂ ಕೊಳ್ಳಿರಿ.

ಅಂಗಡಿಯ ಮುಂದಿನ ಸಮನೆಲದಲ್ಲಿ ಎರಡು ಸುತ್ತು ಹಾಕಿ ಹಣ ಕೊಡಬೇಡಿರಿ. ನಿಮ್ಮ ಮನೆಗೆ ಸಮೀಪದ ಅತಿ ಕಡಿದಾದ ಏರಿನಲ್ಲಿ ಹತ್ತಿ ಇಳಿದು ನೋಡಲು ಅವಕಾಶ ಕೇಳಿರಿ. ಮೋಟಾರನ್ನು ನಿಲ್ಲಿಸಿ ಹತ್ತು ನಿಮಿಷ ತುಳಿಯಿರಿ. ಮನೆಯ ಮೆಟ್ಟಿಲನ್ನು ಗಾಡಿ ಎತ್ತಿಕೊಂಡು ಹತ್ತಬಲ್ಲಿರಾ ಎಂದೂ ಯೋಚಿಸಿರಿ. ಇದಕ್ಕೆ ಒಪ್ಪದ ಅಂಗಡಿಯನ್ನು ಬಿಟ್ಟು ಮತ್ತೊಂದಕ್ಕೆ ಹೋಗುವುದೇ ಜಾಣತನ.

ಎತ್ತ ಹೋಗಬೇಕು?

ಹೊಸಬರು ಕಡಲ ಮಗ್ಗುಲಿನಿಂದ ಆರಂಭಿಸಲಿ. ಮಲ್ಪೆ, ಪಡುಕೆರೆ, ಮಟ್ಟು ಮಾರ್ಗವಾಗಿ ಕಾಪುವಿನತ್ತ ಹೋಗುವ ದಾರಿ ಬಹುಮಟ್ಟಿಗೆ ಸಮತಟ್ಟು. ಹಾದಿಯಲ್ಲಿ ಹೆಸರುವಾಸಿಯಾದ ಮಟ್ಟುಗುಳ್ಳದ ಗದ್ದೆಗಳು, ಕೊನೆಯಲ್ಲಿ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ. ಬೆಳಿಗ್ಗೆ ಬೇಗನೆ ಹೊರಟರೆ ಮಧ್ಯಾಹ್ನದ ಕಡಲಗಾಳಿಯ ಕಾಟವಿರದು.

ಎರಡನೆಯ ಹಂತದಲ್ಲಿ ಮಣಿಪಾಲದಿಂದ ಪರ್ಕಳ, ಆತ್ರಾಡಿಗಳ ಮೇಲೆ ಹಿರಿಯಡ್ಕದವರೆಗೆ ಹೋಗಿಬನ್ನಿರಿ. ಇಳಿಯುವಾಗ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಒತ್ತಿರಿ. ಒಂದನ್ನೇ ಹಿಡಿದು ಕಾಯಿಸಬೇಡಿರಿ. ಕಾರ್ಕಳವು ಉಡುಪಿಯಿಂದ 38 ಕಿ.ಮೀ. ದೂರದಲ್ಲಿರುವುದರಿಂದ ಒಂದೇ ದಿನ ಹೋಗಿಬರಲು ಸಾಧಾರಣ ಬ್ಯಾಟರಿ ಸಾಲದು. ಅಲ್ಲಿಯೇ ಇರುವ ಕುಟುಂಬಗಳಿಗೆ ಆನೆಕೆರೆಯ ಸುತ್ತು, 1432ರಲ್ಲಿ ಪ್ರತಿಷ್ಠಾಪನೆಯಾದ 42 ಅಡಿ ಎತ್ತರದ ಬಾಹುಬಲಿ ಮೂರ್ತಿ ನಿಂತಿರುವ ಬಂಡೆಯ ತಪ್ಪಲು, ಚತುರ್ಮುಖ ಬಸದಿಯ ಆವರಣ ಇವೆಲ್ಲವೂ ಮುಂಜಾನೆಯ ಸವಾರಿಗೆ ತಕ್ಕ ತಾಣಗಳು.

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯ ಆಸೆಯನ್ನು ಮಾತ್ರ ಬಿಡಿರಿ. ಹದಿನಾಲ್ಕು ತಿರುವುಗಳಲ್ಲಿ 500 ಮೀಟರಿಗೂ ಮಿಕ್ಕಿದ ಏರಿಕೆ. ಮೇಲಿನ ಲೆಕ್ಕದಂತೆ ಒಂದು ಸಣ್ಣ ಬ್ಯಾಟರಿ ಅಲ್ಲಿಯೇ ಬರಿದಾದೀತು. ಇಳಿಯುವಾಗ ಬಸ್ಸು, ಕಾರುಗಳ ನಡುವೆ ಬ್ರೇಕಿನ ಮೇಲೆ ಪ್ರಾಣವಿಟ್ಟು ಬರಬೇಕಾದೀತು.

ಮನೆಯಲ್ಲಿ ಪಾಲನೆ

ಕಡಲದಂಡೆಗೆ ಹೋಗಿಬಂದ ದಿನ ಒದ್ದೆ ಬಟ್ಟೆಯಿಂದ ಉಪ್ಪನ್ನು ಒರೆಸಿ ಚೈನಿಗೆ ಎಣ್ಣೆ ಬಿಡಿರಿ. ರಭಸದ ನೀರಿನಿಂದ ತೊಳೆಯಬೇಡಿರಿ. ಏರು ಹತ್ತಿ ಬಂದೊಡನೆ ಬಿಸಿ ಬ್ಯಾಟರಿಗೆ ವಿದ್ಯುತ್ ಹಾಕದೆ ಅದು ಆರಿದ ಮೇಲೆ ಹಾಕಿರಿ. ಗಾಡಿಯೊಡನೆ ಬಂದ ಚಾರ್ಜರನ್ನೇ ಬಳಸಿರಿ. ರಾತ್ರಿ ಮಲಗುವಾಗ, ಮನೆಯಲ್ಲಿ ಯಾರೂ ಇಲ್ಲದಾಗ ಚಾರ್ಜಿಗೆ ಇಡಬೇಡಿರಿ. ಮಳೆಗಾಲದಲ್ಲಿ ಗಾಡಿಗೆ ವಿಶ್ರಾಂತಿ ಕೊಟ್ಟರೆ ಬ್ಯಾಟರಿಯನ್ನು ಅರ್ಧ ತುಂಬಿಸಿ ತಂಪಾದ ಒಣ ಜಾಗದಲ್ಲಿಡಿರಿ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಏರಿಗೆ ಹೋಗಬಾರದು.

ನಮ್ಮ ಭಾವನವರು ಆ ಗಾಡಿಯನ್ನು ನಷ್ಟಕ್ಕೆ ಹಿಂದಿರುಗಿಸಿ, ಮೇಲೆ ಹೇಳಿದ ಕ್ರಮದಲ್ಲಿಯೇ ಪರೀಕ್ಷಿಸಿ ಮತ್ತೊಂದನ್ನು ಕೊಂಡರು. ಈಗ ಬೆಳಗಿನ ಲಿಂಗಪೂಜೆ ಮುಗಿಸಿ, ವಾರಕ್ಕೆ ಮೂರು ದಿನ ಹೋಗಿಬರುತ್ತಾರೆ. ಸಮರಸ್ತೆಯಲ್ಲಿ ಮೋಟಾರನ್ನು ನಿಲ್ಲಿಸಿ ತಾವೇ ತುಳಿಯುತ್ತಾರೆ. ಏರಿನಲ್ಲಿ ಮಾತ್ರ ಅದರ ನೆರವು ಪಡೆಯುತ್ತಾರೆ. ಇಳಿಜಾರು ಬಂದಾಗ ಅಕ್ಕನ ಮಾತು ನೆನಪಾಗುತ್ತದಂತೆ.

ಕಾಯಕವನ್ನು ಪೂಜೆಯೆಂದು ಬಗೆದ ಪರಂಪರೆ ನಮ್ಮದು. ಕಾಯವು ಕೆಲಸ ಮಾಡುತ್ತಿರಲಿ, ಯಂತ್ರವು ಅದಕ್ಕೆ ಊರುಗೋಲಾಗಲಿ. ಸವಾರಿಯೆಲ್ಲವನ್ನೂ ಯಂತ್ರಕ್ಕೇ ಒಪ್ಪಿಸಿಬಿಟ್ಟರೆ ಸೈಕಲ್ಲು ಕೊಂಡ ಉದ್ದೇಶವೇ ಮರೆತಂತಾಗುತ್ತದೆ.